ನಮೊರುವಿನ ಚಿನ್ನದ ಬಾವಿ

ನಮೊರು ಎಂಬ ನಮ್ಮೂರಿನ ಗುಂಡಿಯನ್ನು ನಮ್ಮ ತುರ್ಕಾನ ಜನ ಗಣಿ ಎನ್ನುವುದಿಲ್ಲ, ಬಾವಿ ಎನ್ನುತ್ತಾರೆ. ಅದರಲ್ಲಿ ಯಾವತ್ತೂ ನೀರು ಬಂದಿರಲಿಲ್ಲ.

ನಾನು ಹುಟ್ಟುವ ಮುಂಚಿನ ಬರದ ವರ್ಷ ನನ್ನ ಸೋದರತ್ತೆ ಅಸಿನ್ಯೆನ್‌ಳ ಗಂಡ ಎಸೆಕೊನ್ ಆಡುಗಳಿಗೆ ನೀರು ಹುಡುಕುತ್ತ ಒಣಹೊಳೆಯ ದಂಡೆಯಲ್ಲಿ ಅದನ್ನು ತೋಡಿದ. ಸಿಕ್ಕಿದ್ದು ಚಿನ್ನದ ಚೂರು ಬೆರೆತ ಗರಸು. ತೊಳೆಯಲು ನೀರಿಲ್ಲದ್ದರಿಂದ ಅತ್ತೆ ಅದನ್ನು ಬಾಣಲೆಯಿಂದ ಬಾಣಲೆಗೆ ಸುರಿದು ಗಾಳಿಗೆ ತೂರಿದಳು. ಸುದ್ದಿ ಹರಡಿ ಜನ ಬಂದರು. ನಮ್ಮಲ್ಲಿ ಬಾವಿ ತೋಡಿದವನು ಬಾಯಾರಿ ಬಂದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಯಾರು ಮೊದಲು, ಯಾರು ಆಮೇಲೆ ಎಂದು ಸರದಿ ಹೇಳುವುದಷ್ಟೇ ಅವನ ಹಕ್ಕು. ಎಸೆಕೊನ್ ಚಿನ್ನಕ್ಕೂ ಅದೇ ಕಟ್ಟಳೆ ನಡೆಸಿದ. ಆಡು ಕಳೆದುಕೊಂಡವರು ಮೊದಲು ಇಳಿದರು. ಕೆಲವು ವರ್ಷ ಇಡೀ ಹೊಳೆಸಾಲು ಅದರಿಂದಲೇ ಉಂಡಿತು.

ತೋಡಿದ್ದೂ ಬಾವಿಯ ಹಾಗೆಯೇ. ಹೊಳೆಯ ಮರಳಿನಲ್ಲಿ ಆಳಕ್ಕೆ ಹೋದಷ್ಟೂ ತೇವ ಹೆಚ್ಚಿ ಗೋಡೆ ಗಟ್ಟಿಯಾಗುತ್ತದೆ. ಅದು ನಮ್ಮ ಕೈಗಳಿಗೆ ಗೊತ್ತಿರುವ ಸತ್ಯ. ಇಲ್ಲಿ ಆಳಕ್ಕೆ ಹೋದಷ್ಟೂ ನೆಲ ಒಣಗಿ ಸಡಿಲವಾಗಿತ್ತು. ಆದರೂ ಕೈಗಳು ತಮ್ಮ ರೂಢಿ ಬಿಡಲಿಲ್ಲ. ಒಂದು ಬೆಳಿಗ್ಗೆ ಗೋಡೆ ಎಸೆಕೊನ್‌ನ ಮೇಲೆ ಕುಸಿಯಿತು. ಮನುಷ್ಯನನ್ನು ತಿಂದ ಬಾವಿಯನ್ನು ಮುಳ್ಳು ಹಾಕಿ ಮುಚ್ಚುತ್ತಾರೆ, ಮತ್ತೆ ತೆಗೆಯುವುದಿಲ್ಲ, ಅದರ ಮಾತನ್ನೂ ಎತ್ತುವುದಿಲ್ಲ. ಹಾಗಾಗಿ ಅವನು ಅಲ್ಲೇ ಉಳಿದ. ಮಕ್ಕಳಿದ್ದ ಗಂಡಸನ್ನು ಮನೆಯಂಗಳದಲ್ಲಿ ಮಣ್ಣು ಮಾಡಬೇಕು. ಅತ್ತೆಯ ಅಂಗಳದಲ್ಲಿ ಆ ಜಾಗ ಖಾಲಿಯಿತ್ತು. ಆಡುಗಳನ್ನು ದೊಡ್ಡಿಗೆ ಹೊಡೆಯುವಾಗ ಅವಳು ಅದನ್ನು ತುಳಿಯದೆ ಸುತ್ತಿಕೊಂಡು ನಡೆಯುತ್ತಿದ್ದಳು.

ಈ ವರ್ಷ ಗಣಿ ಕಂಪನಿಯೊಂದರ ಸರ್ವೆಯವನು ಮುತಿಸ್ಯಾ ಬಂದ. ಗುಂಡಿಯನ್ನು ಗುತ್ತಿಗೆಗೆ ಪಡೆಯಲು ತೋಡಿದ ಮನೆಯವರ ಒಪ್ಪಿಗೆ ಬೇಕಿತ್ತು, ಅದರ ಚರಿತ್ರೆಯೂ ಬೇಕಿತ್ತು. ಎಲ್ಡೊರೆಟ್‌ನಲ್ಲಿ ಕಾಲೇಜಿಗೆ ಹೋಗಿ ಇತಿಹಾಸ ಓದಿ ಬಂದವಳೆಂದು ಬರೆಯುವ ಕೆಲಸ, ನಮ್ಮ ಭಾಷೆ ಬಾರದ ಅವನಿಗೆ ಮಾತು ದಾಟಿಸುವ ಕೆಲಸ ಎರಡೂ ನನಗೆ ಬಂದವು. ಎವೋಯ್ ಮರದ ನೆರಳಲ್ಲಿ ಎಲ್ಲರೂ ಕೂತರು.

"ಕೆಲಸ ಯಾಕೆ ನಿಲ್ಲಿಸಿದ್ರಿ?" ಎಂದ ಮುತಿಸ್ಯಾ.

ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ಹೊಸದಲ್ಲ; ನಾನು ಬೆಳೆದದ್ದೇ ಅದರೊಳಗೆ.

"ಚಿನ್ನ ಮುಗೀತು," ಎಂದ ಎಸೆಕೊನ್‌ನ ತಮ್ಮ ಲೊಕ್ವಾವಿ, ತನ್ನ ಪುಟ್ಟ ಮಣೆಯ ಮೇಲಿಂದ.

"ಮುಗೀಲಿಲ್ಲ," ಎಂದಳು ಅತ್ತೆ. "ನನ್ನ ಗಂಡ ಅದರೊಳಗಿದ್ದಾನೆ. ಏನೇ, ಹೇಳೇ ಅವನಿಗೆ."

ನಾನು ಹೇಳಿದೆ. ಮುತಿಸ್ಯಾ ಟೋಪಿ ತೆಗೆದ.

"ಟೋಪಿ ಚೆನ್ನಾಗಿದೆ ಕಣಪ್ಪಾ, ಹೋಗೋವಾಗ ನನಗೆ ಕೊಟ್ಟು ಹೋಗು," ಎಂದಳು ಅತ್ತೆ. "ಬಾವಿನೂ ಕೊಡ್ತೀನಿ. ಬಾಯಾರಿ ಬಂದಿದ್ದೀಯ, ಇಲ್ಲ ಅನ್ನೋಕಾಗಲ್ಲ. ಆದ್ರೆ ಮೊದಲ ಸರದಿ ನಂದು. ಅವನು ಮೇಲೆ ಬರ್ಬೇಕು, ಆಮೇಲೆ ನೀನು ಇಳಿ."

"ಅಮ್ಮಾ, ನಮ್ಮ ಯಂತ್ರ ತಂದ್ರೆ ಒಂದೇ ದಿನದಲ್ಲಿ—"

"ಯಂತ್ರಕ್ಕೆ ಕಲ್ಲೂ ಎಲುಬೂ ಒಂದೇ. ಗೋಡೆ ಹಿಡಿಯೋಕೆ ಹಲಗೆ ಕೊಡು ಸಾಕು. ಕೈ ನಮ್ಮದು."

"ಕಂಪನಿ ಒಪ್ಪದಿದ್ರೆ? ಬೇರೆ ಕಡೆ ಹೋಗ್ಬಿಡ್ತಾರೆ."

"ಹೋಗ್ಲಿ."

ಲೊಕ್ವಾವಿ ನೆಲ ನೋಡುತ್ತ ಹೇಳಿದ: "ಅತ್ತಿಗೆ, ಮನುಷ್ಯನ್ನ ತಿಂದ ಬಾವಿ ತೆಗೀಬಾರ್ದು."

"ಅದು ಬಾವಿ ಆಗಿದ್ರೆ ತಾನೆ? ನೀರಿಲ್ಲದ ಗುಂಡೀನ ಬಾವಿ ಅಂದ್ವಿ, ಬಾವಿ ಥರಾನೇ ತೋಡಿದ್ವಿ. ತಿಂದಿದ್ದು ಗುಂಡಿ ಅಲ್ಲ ಮೈದುನಾ, ನಮ್ಮ ತಲೆಯೊಳಗಿನ ಬಾವಿ."

"ಯಾರೂ ಇಳಿಯಲ್ಲ."

"ನೋಡೋಣ."

ಮುತಿಸ್ಯಾ ಫೋನ್ ಹಿಡಿದು ಗುಡ್ಡ ಹತ್ತಿದ. ಕೆಳಗೆ ಬಂದಾಗ ಆಗಲಿ ಎಂದು ತಲೆಯಾಡಿಸಿದ. ಮುಂದಿನ ವಾರ ಲಾರಿಯಲ್ಲಿ ಹಲಗೆಗಳು ಬಂದವು.

ಆ ಬೆಳಿಗ್ಗೆ ಹೊಳೆಸಾಲಿನವರೆಲ್ಲ ಬಂದು ಮುಳ್ಳುಬೇಲಿಯ ಆಚೆ ನಿಂತರು. ಒಬ್ಬರೂ ಮುಂದೆ ಬರಲಿಲ್ಲ. ಅತ್ತೆ ಕೊಕ್ಕೆಕೋಲಿನಿಂದ ಮುಳ್ಳು ಎಳೆದು ಪಕ್ಕಕ್ಕೆ ಹಾಕಿದಳು. ಗೋಡೆಯಲ್ಲಿ ಕಡಿದಿದ್ದ ಮೊದಲ ಮೆಟ್ಟಿಲಿಗೆ ತಾನೇ ಇಳಿದು, ಬೋಗುಣಿಯಿಂದ ಗರಸು ಮೊಗೆದು ದಂಡೆಯ ಮೇಲಿಟ್ಟಳು. ಆಮೇಲೆ ಹಾಡತೊಡಗಿದಳು. ಎಸೆಕೊನ್ ತನ್ನ ಕಪ್ಪುಬಿಳಿ ಎತ್ತನ್ನು ಹೊಗಳಿ ಕಟ್ಟಿದ್ದ ಹಾಡು. ಬಾವಿಯಿಂದ ನೀರೆತ್ತುವಾಗಲೆಲ್ಲ ಅವನು ಅದನ್ನೇ ಹಾಡುತ್ತಿದ್ದನಂತೆ. ನಾನು ಹುಟ್ಟಿದ ಮೇಲೆ ಅದನ್ನು ಯಾರೂ ಹಾಡಿದ್ದು ಕೇಳಿರಲಿಲ್ಲ.

ಅವಳು ಹಾಡುತ್ತ ಮೊಗೆಯುತ್ತಿದ್ದಳು. ನಾನು ಬೋಗುಣಿ ಈಸಿಕೊಳ್ಳಲು ಹೋದೆ. ಜನ ಕಲ್ಲಿನಂತೆ ನಿಂತಿದ್ದರು. ಕೊನೆಗೆ ಲೊಕ್ವಾವಿ ಮುಂದೆ ಬಂದ.

"ಹಾಡು ಕೆಡಿಸ್ತಿದ್ದೀಯ ಅತ್ತಿಗೆ," ಎಂದ. "ಕೊಂಬಿನ ಸಾಲು ಆಮೇಲೆ ಬರೋದು. ಬಾ ಮೇಲೆ."

"ನಿನಗೆ ಬಂದ್ರೆ ನೀನೇ ಹಾಡು."

ಅವನು ಚಪ್ಪಲಿ ಬಿಟ್ಟು ಇಳಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಮುತಿಸ್ಯಾ ತೋರಿಸಿದಂತೆ ಹಲಗೆಗಳನ್ನು ಗೋಡೆಗೆ ಆನಿಸಿ, ಬಾವಿಯಲ್ಲಿ ನಿಲ್ಲುವಂತೆ ಮೆಟ್ಟಿಲಿಗೊಬ್ಬರಂತೆ ಒಬ್ಬರಿಗಿಂತ ಮೇಲೊಬ್ಬರು ನಿಂತು, ಬೋಗುಣಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ಹಾಡು ಈಗ ಸರಿಯಾದ ಸಾಲಿನಲ್ಲಿ, ದಪ್ಪ ದನಿಗಳಲ್ಲಿ ಕೆಳಗಿನಿಂದ ಬರುತ್ತಿತ್ತು. ಮೇಲೆ ಗರಸಿನ ರಾಶಿ ಬೆಳೆಯಿತು. ಬಿಸಿಲಿಗೆ ಅದರಲ್ಲಿ ಹಳದಿ ಮಿನುಗಿದಾಗ ಮುತಿಸ್ಯಾ ಒಬ್ಬನೇ ಬಗ್ಗಿದ. ಸುತ್ತ ನೋಡಿ, ನೆಟ್ಟಗೆ ನಿಂತ.

ಮರುದಿನ ಮಧ್ಯಾಹ್ನ, ಸಾಲಿನ ನಡುವೆಯೇ ಹಾಡು ನಿಂತಿತು. ಕೆಳಗೆ ಏನು ಸಿಕ್ಕಿತೆಂದು ದಂಡೆಯ ಮೇಲಿದ್ದ ಯಾರೂ ಕೇಳಲಿಲ್ಲ. ನನ್ನ ಜನರ ಎಷ್ಟೋ ಮೌನಗಳನ್ನು ನಾನು ಬಲ್ಲೆ. ಇದರಲ್ಲಿ ಅಡಗಿಸುವುದಕ್ಕೆ ಏನೂ ಇರಲಿಲ್ಲ.

ಅತ್ತೆ ಆಡಿನ ಚರ್ಮವನ್ನು ಬಿಡಿಸಿ ದಂಡೆಯ ಮೇಲೆ ಹಾಸಿದಳು. ಸುಕ್ಕುಗಳನ್ನು ಅಂಗೈಯಿಂದ ಸವರಿ ತೆಗೆದಳು.

"ನಿಧಾನ ಮೈದುನಾ," ಎಂದಳು ಕೆಳಗೆ ಬಗ್ಗಿ. "ಅವಸರ ಇಲ್ಲ. ಮನೆ ಹತ್ರಾನೇ ಇದೆ."