ಆರ್ನಿಯ ತಮ್ಮ

ಫಿನ್ಲೆಂಡಿನ ಹುಡುಗ ಆರ್ನಿಗೆ ನಮ್ಮ ಓಣಿ ಕೊಟ್ಟಂಥ ಬೀಳ್ಕೊಡುಗೆ ನಮ್ಮ ಕತಾನಿಯಾ ಊರಲ್ಲಿ ಸತ್ತವರಿಗೂ ಸಿಗುವುದಿಲ್ಲ. ನಮ್ಮೂರ ಪಕ್ಕದಲ್ಲೇ ಹೊಗೆಯಾಡುವ ಬೆಟ್ಟವನ್ನು ನೋಡಿ ಬೆಂಕಿಬೆಟ್ಟಗಳ ವಿದ್ಯೆ ಕಲಿಯಲೆಂದು ಒಂದು ಸೆಮಿಸ್ಟರ್ ಮಟ್ಟಿಗೆ ಬಂದಿದ್ದವನು, ನನ್ನ ಕ್ಷೌರದಂಗಡಿಯ ಮೇಲಿನ ಮನೆಯಲ್ಲಿ, ಮನೆಯೊಡತಿ ಡೊನ್ನಾ ಅಗತೀನಾಳ ಹಿಂದಿನ ಕೋಣೆಯಲ್ಲಿದ್ದ. ಕೆಂಪು ಗಡ್ಡ, ಉದ್ದನೆಯ ಕಾಲು, ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ಎಲ್ಲರೂ ಮಾತಾಡುವವರೇ ಆಗಿದ್ದ ಓಣಿಗೆ ಕೇಳುವವನೊಬ್ಬ ಸಿಕ್ಕಿದ್ದರಿಂದ ಅವನನ್ನು ನಾವು ಬಿಡಲಿಲ್ಲ.

ಹೊರಡುವ ಹಿಂದಿನ ಸಂಜೆ ಓಣಿಗೆ ಅಡ್ಡಲಾಗಿ ಮೇಜು ಹಾಕಿದೆವು. ಮೀನು ಮಾರುವ ಚಿರಿನೊ ಹಾಡಿದ, ಅತ್ತ, ಮತ್ತೆ ಹಾಡಿದ. ಅಗತೀನಾಳಂತೂ ಹುಡುಗನ ತಲೆಯನ್ನು ಎದೆಗೊತ್ತಿಕೊಂಡು ಎಷ್ಟು ಹೊತ್ತು ಬಿಡಲಿಲ್ಲವೆಂದರೆ ಅವನ ಕಿವಿ ಗಡ್ಡದ ಬಣ್ಣಕ್ಕೆ ತಿರುಗಿತು. ಕೊನೆಗೆ ಆರ್ನಿ ಎದ್ದು ನಿಂತು ತನ್ನ ಒಂದೇ ಒಂದು ಭಾಷಣ ಮಾಡಿದ: "ನಿಮಗೆಲ್ಲ ಥ್ಯಾಂಕ್ಸ್. ಬೆಟ್ಟ ಸದ್ಯಕ್ಕೆ ಸುಮ್ಮನಿರುತ್ತೆ." ನಾವು ಚಪ್ಪಾಳೆ ತಟ್ಟಿದೆವು. ಎದುರು ಬಾಲ್ಕನಿಯ ಮೆಲೀನಾ ಮಾತ್ರ ಮೇಲಿನಿಂದಲೇ ಅಂದಳು, "ಅಳ್ರಿ, ಅಳ್ರಿ. ಈ ಪರದೇಶದ ಹುಡುಗ್ರು ಊರು ಮುಟ್ಟಿದ ಮೇಲೆ ಒಂದು ಫೋನೂ ಮಾಡಲ್ಲ."

ಬೆಳಕು ಹರಿಯುವ ಮುಂಚೆಯೇ ಚಿರಿನೊ ತನ್ನ ಮೀನಿನ ವ್ಯಾನಿನಲ್ಲಿ ಅವನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದ. ಅಗತೀನಾ ಎದ್ದವಳೇ ಸಂತೆಗೆ ಹೋಗಿ, ಮೆಲೀನಾ ಟೊಮೇಟೊ ಹಿಚುಕಿ ನೋಡುತ್ತಿದ್ದ ಕಡೆಯೇ ನಿಂತು, "ಹುಡುಗ ಸುಖವಾಗಿ ತಲುಪಿದ್ನಂತೆ ಕಣ್ರೇ! ಅವರಮ್ಮ ಫೋನ್ ಮಾಡಿ ಗೊಳೋ ಅಂತ ಅತ್ತಳು, ನಮ್ಮ ಮಗನ್ನ ನೀವೇ ಸಾಕಿದ್ರಿ ಅಂತ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದಳು. ಹುಡುಗನ ವಿಮಾನ ಇನ್ನೂ ನೆಲ ಬಿಟ್ಟಿರಲಿಲ್ಲ. ಆಗಲೇ ತಕ್ಕಡಿಯ ಮೇಲೆ ಕಪ್ಪು ಬೂದಿ ಟಪಟಪನೆ ಬೀಳತೊಡಗಿತು. ಬೆಟ್ಟ ಬಾಯಿ ತೆರೆದಿತ್ತು.

ನಮಗದು ಹೊಸದಲ್ಲ. ಕೊಡೆ ಬಿಚ್ಚಿದೆವು, ಒಣಹಾಕಿದ್ದ ಬಟ್ಟೆ ಒಳಗೆ ತಂದೆವು. ವಿಮಾನಗಳು ನಿಂತವು. ಸ್ವಲ್ಪ ಹೊತ್ತಿಗೆ ಓಣಿಯ ತುದಿಯಲ್ಲಿ ಸೂಟ್‌ಕೇಸ್ ಎಳೆಯುತ್ತ, ತಲೆಯಿಂದ ಪಾದದವರೆಗೆ ಕಪ್ಪಾಗಿ, ಆರ್ನಿ ಕಾಣಿಸಿಕೊಂಡ.

ಬಾಲ್ಕನಿಯಲ್ಲಿ ಮೆಲೀನಾ ಕತ್ತು ನೀಡಿ ನಿಂತಿದ್ದಳು. "ಅಗತೀನಾ, ಅದ್ಯಾರು ಬರ್ತಿರೋದು?"

ಅಗತೀನಾ ಒಂದು ಉಸಿರು ಎಳೆದುಕೊಂಡಳು. "ಆರ್ನಿಯ ತಮ್ಮ. ಸಾಮಾನೇನೋ ಉಳಿದಿತ್ತಂತೆ, ತಗೊಂಡು ಹೋಗೋಕೆ ಬಂದಿದಾನೆ. ಇವನ ಹೆಸರು... ಆರ್ನೊ." ಹೆಸರಿನ ಕೊನೆಯ ಅಕ್ಷರವನ್ನಷ್ಟೇ ಬದಲಿಸಲು ಅವಳಿಗೆ ಪುರುಸೊತ್ತು ಸಿಕ್ಕಿತ್ತು.

ಹುಡುಗ ಬಾಯಿ ತೆರೆದ. ಅವಳು ಅವನ ತೋಳು ಹಿಡಿದು ನನ್ನ ಅಂಗಡಿಗೆ ನೂಕಿದಳು. "ಸಾರೊ, ಇವನ ಗಡ್ಡ ತೆಗಿ. ತಮ್ಮನಿಗ್ಯಾಕೆ ಗಡ್ಡ?"

ನಾನು ತೆಗೆದೆ. ಅದರ ಕೆಳಗೆ, ನಡುವೆ ಗುಳಿಬಿದ್ದ ಚೆಂದದ ಗದ್ದವೊಂದಿತ್ತು. ಅವನು ಕನ್ನಡಿಯನ್ನು ಬಹಳ ಹೊತ್ತು ನೋಡಿದ. "ಎಷ್ಟು ದಿನ ಹೀಗೆ?" ಎಂದು ಕೇಳಿದ.

"ಅದನ್ನ ನಿನ್ನ ಬೆಟ್ಟಾನೇ ಕೇಳಪ್ಪ. ಸುಮ್ಮನಿರುತ್ತೆ ಅಂದೋನು ನೀನು," ಎಂದೆ.

ಓಣಿಗೆಲ್ಲ ನಿಜ ಗೊತ್ತಿತ್ತು. ಆದರೆ ಅಗತೀನಾಳ ಮಾನ ಮೆಲೀನಾಳ ಕಾಲಡಿ ಬೀಳಬಾರದಲ್ಲ, ಹಾಗಾಗಿ ಎಲ್ಲರೂ ಅವನನ್ನು ಆರ್ನೊ ಎಂದೇ ಕರೆದೆವು. ಅಲ್ಲದೆ, ಒಮ್ಮೆ ಅತ್ತು ಕಳಿಸಿದವನನ್ನು ಮರುದಿನ ಬೆಳಗ್ಗೆ "ಚೆನ್ನಾಗಿದೀಯಾ" ಎಂದು ಕೇಳುವುದಾದರೂ ಹೇಗೆ? ಚಿರಿನೊಗಂತೂ ಅವನ ಮುಖ ನೋಡಲು ನಾಚಿಕೆಯಾಗುತ್ತಿತ್ತು. ತಮ್ಮನಾದರೆ ಆ ತೊಂದರೆಯಿರಲಿಲ್ಲ. "ನಿಮ್ಮಣ್ಣ ಮೀನಿನ ತಲೆ ಚೀಪ್ತಿದ್ದ ಚೀಪು ನೋಡ್ಬೇಕಿತ್ತು! ನೀನೇನು ಹಿಂಗೆ ಕುಕ್ಕುತೀಯ?" ಎಂದು ಅವನ ತಟ್ಟೆ ನೋಡಿ ಬೈದ.

ವಿಚಿತ್ರವೆಂದರೆ ಅಗತೀನಾ ಅವನನ್ನು ಹಿಂದಿನ ಕೋಣೆಗೆ ಬಿಡಲಿಲ್ಲ. "ಅದು ಆರ್ನಿಯ ಕೋಣೆ. ಅವನು ಯಾವತ್ತಾದ್ರೂ ವಾಪಸ್ ಬಂದ್ರೆ?" ಎಂದು ಸೋಫಾದ ಮೇಲೆ ಹಾಸಿಗೆ ಹಾಸಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ. ಉಣ್ಣುವಾಗ ಅವನಿಗೆ ಪಾಸ್ತಾ ಬಡಿಸುತ್ತಲೇ, "ಪಾಪ, ಆ ಚಳಿಯೂರಲ್ಲಿ ಏನು ತಿಂತಿದಾನೋ ನನ್ನ ಕಂದ" ಎಂದು ಕಣ್ಣೊರೆಸಿಕೊಂಡಳು.

"ಚೆನ್ನಾಗಿ ತಿಂತಿದಾನೆ," ಎಂದ ಹುಡುಗ, ಬಾಯ್ತುಂಬ ಬದನೆಕಾಯಿ ಇಟ್ಟುಕೊಂಡು.

ಬೂದಿ ನಿಲ್ಲಲಿಲ್ಲ. ಅವನಲ್ಲೂ ಏನೋ ಬದಲಾಗುತ್ತ ಬಂತು. ಗಡ್ಡದ ಜೊತೆಗೆ ಬಾಯಿಯ ಬೀಗವನ್ನೂ ನಾನು ತೆಗೆದುಬಿಟ್ಟೆನೋ ಏನೋ. ಅಗತೀನಾಳ ಕಾಫಿ ಸೀದುಹೋಗಿದೆಯೆಂದು ಮುಖಕ್ಕೆ ಹೊಡೆದಂತೆ ಹೇಳಿದ. ಬೆಳಗಿನ ಜಾವ ಕೂಗಾಡುವ ಚಿರಿನೊಗೆ "ಮೀನು ಸತ್ತಿದೆ, ಅದಕ್ಕೆ ಕೇಳಿಸಲ್ಲ, ಮೆತ್ತಗೆ ಮಾತಾಡು" ಎಂದ. ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು ಅಪ್ಪನ ದೋಣಿ, ಹೆಪ್ಪುಗಟ್ಟಿದ ಸಮುದ್ರ, ಅಜ್ಜಿಯ ಮೂರನೇ ಮದುವೆ ಎಲ್ಲವನ್ನೂ ನಮಗೆ ಹೇಳಿದ. ನಾವು ಕೇಳುವವರಾದೆವು. "ಅಣ್ಣ ಹಿಂಗಿರಲಿಲ್ಲಪ್ಪ, ಸಾಧು," ಎಂದು ಚಿರಿನೊ ನನ್ನ ಕಿವಿಯಲ್ಲಿ ದೂರಿದ.

ಒಂದು ಮಧ್ಯಾಹ್ನ ಊಟದ ನಡುವೆ ಹುಡುಗ, "ಆರ್ನಿ ಸಾಧುವಲ್ಲ. ಅವನು ಹೇಡಿ. ಇಷ್ಟು ದಿನ ಇಲ್ಲಿದ್ದು ಒಂದು ಮಾತನ್ನೂ ಮನಸ್ಸಿಟ್ಟು ಆಡಲಿಲ್ಲ" ಎಂದ.

ಅಗತೀನಾ ಸೌಟನ್ನು ಮೇಜಿಗೆ ಬಡಿದಳು. "ಏಯ್! ನನ್ನ ಮನೆಯಲ್ಲಿ ಕೂತು ಅವನ ಬಗ್ಗೆ ಕೆಟ್ಟ ಮಾತಾಡ್ಬೇಡ! ನನಗೆ ಜ್ವರ ಬಂದಾಗ ಬಾಗಿಲ ಹತ್ರ ಕೂತಿದ್ದೋನು ಅವನು. ಮಾತಾಡ್ಲಿಲ್ಲ, ಸರಿ. ಕೂತಿದ್ನಲ್ಲ! ನಿನಗೇನು ಗೊತ್ತು ಅವನ ವಿಷಯ?"

ಹುಡುಗ ಫೋರ್ಕ್ ಕೆಳಗಿಟ್ಟ. ಎದ್ದು ಕೆಳಗೆ ಬಂದು ನನ್ನ ಕುರ್ಚಿಯಲ್ಲಿ ಕುಳಿತ. ಕಣ್ಣು ಕೆಂಪಗಿತ್ತು. "ಬೂದಿ," ಎಂದ. "ಹ್ಞೂಂ, ಬೂದಿನೇ. ಬಾ, ಔಷಧಿ ಅಂಗಡಿಗೆ ಹೋಗೋಣ, ನನಗೂ ಬೇಕು," ಎಂದೆ.

ಔಷಧಿ ಅಂಗಡಿಯಲ್ಲಿ ಇದ್ದವಳು ಓರ್ನೆಲ್ಲಾ. ಅವಳ ಕೈಯಿಂದ ಆರ್ನಿ ಬೇಡದ ಕೆಮ್ಮಿನ ಔಷಧಿಯನ್ನು ವಾರವಾರವೂ ಕೊಳ್ಳುತ್ತಿದ್ದುದು ಇಡೀ ಓಣಿಗೆ ಗೊತ್ತಿತ್ತು. ಕಣ್ಣಿನ ಹನಿ ಕೊಡುತ್ತ ಅವಳು, "ನೀವು ತಮ್ಮ ಅಲ್ವಾ?" ಎಂದಳು, ನಗು ತಡೆಯಲು ತುಟಿ ಕಚ್ಚಿಕೊಂಡು.

"ಹೌದು. ನಮ್ಮಣ್ಣನಿಗೆ ನೀವಂದ್ರೆ ಇಷ್ಟ ಇತ್ತು. ತುಂಬಾ. ಹೇಳೋಕೆ ಬರಲಿಲ್ಲ ಅವನಿಗೆ."

ಅಂಗಡಿಯಲ್ಲಿದ್ದ ನಾಲ್ಕೈದು ಜನ ತಮ್ಮ ತಮ್ಮ ಕಾಯಿಲೆ ಮರೆತು ತಿರುಗಿದರು. ಓರ್ನೆಲ್ಲಾ ಡಬ್ಬಿಯನ್ನು ಚೀಲಕ್ಕೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಹೇಳಿ ನಿಮ್ಮಣ್ಣನಿಗೆ, ಅವನು ಕೊಂಡ ಕೆಮ್ಮಿನ ಔಷಧಿಯಲ್ಲಿ ಒಂದು ಕುದುರೆಯ ಕೆಮ್ಮು ವಾಸಿ ಮಾಡಬಹುದಿತ್ತು ಅಂತ. ನಾನೇನು ಕುರುಡಿಯಾ? ದಿನಾ ಕಾದೆ. ಅವನು ಚಿಲ್ಲರೆ ಎಣಿಸಿಕೊಂಡು ಹೋಗ್ತಿದ್ದ."

"ಹೇಳ್ತೀನಿ. ಅವನ ಉತ್ತರ ನಾನೇ ಕೊಡಬಹುದಾ?"

"ಏಳು ಗಂಟೆಗೆ ಅಂಗಡಿ ಮುಚ್ತೀವಿ," ಎಂದಳು ಓರ್ನೆಲ್ಲಾ. "ನೀವೇ ಬನ್ನಿ. ಅವನನ್ನ ಕರ್ಕೊಂಡು ಬರಬೇಡಿ."

ಆಮೇಲಿನ ಸಂಜೆಗಳಲ್ಲಿ ಅವರಿಬ್ಬರು ಒಂದೇ ಕೊಡೆಯಡಿ ಸಮುದ್ರದ ಕಡೆ ಹೋಗುವುದನ್ನು ನಾವು ಕಂಡೆವು. ಓಣಿ ಎರಡು ಪಕ್ಷವಾಯಿತು. ಅಣ್ಣನ ಹುಡುಗಿಯನ್ನು ತಮ್ಮ ಹೊಡೆದುಕೊಂಡನೆಂದು ಚಿರಿನೊ ನಿಜವಾಗಿಯೂ ಸಿಟ್ಟಾದ. "ಅಲ್ಲಯ್ಯ, ಇಬ್ಬರೂ ಒಬ್ಬನೇ," ಎಂದರೆ, "ಅದೆಲ್ಲ ನಂಗೊತ್ತು, ಆದ್ರೂ ಮಾಡಬಾರದಿತ್ತು," ಎಂದ.

ಕೊನೆಗೆ ಗಾಳಿ ತಿರುಗಿತು. ಬೂದಿ ಕಡಲ ಕಡೆ ಹೋಯಿತು, ವಿಮಾನಗಳು ಹಾರಿದವು. ಈ ಸಲ ಮೇಜಿಲ್ಲ, ಹಾಡಿಲ್ಲ, ಬೀಳ್ಕೊಡುಗೆ ಆಗಿಹೋಗಿತ್ತು. ಅಗತೀನಾ ನಿಂಬೆ ಎಲೆಯಲ್ಲಿ ಸುತ್ತಿದ ಮಾಂಸದ ಉಂಡೆಗಳನ್ನು ಅವನ ಕೈಗಿಟ್ಟು, "ಅರ್ಧ ನಿನಗೆ, ಅರ್ಧ ಆರ್ನಿಗೆ. ದಾರಿಯಲ್ಲೇ ಎಲ್ಲ ಮುಗಿಸ್ಬೇಡ" ಎಂದಳು. ಅವನು ಬಗ್ಗಿ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟು, "ಆರ್ನಿ ಹೇಳೋದನ್ನ ಮರೆತಿದ್ದ, ಈ ಮನೆ ಅವನಿಗೆ ತಾಯಿಮನೆ" ಎಂದ. ಅವಳು ಅಳಲಿಲ್ಲ. ಪೊರಕೆ ಹಿಡಿದು ಮೆಟ್ಟಿಲ ಬೂದಿ ಗುಡಿಸತೊಡಗಿದಳು, ಗುಡಿಸಿದ್ದನ್ನೇ ಮತ್ತೆ ಮತ್ತೆ. ವ್ಯಾನಿನಲ್ಲಿ ಮೀನಿನ ಬುಟ್ಟಿಗಳ ನಡುವೆ ಓರ್ನೆಲ್ಲಾ ಆಗಲೇ ಕುಳಿತಿದ್ದಳು, ವಿಮಾನ ನಿಲ್ದಾಣದವರೆಗೆ. ಆಗಸ್ಟಿನಲ್ಲಿ ಅವಳು ಉತ್ತರದ ಅವನ ದೇಶಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

ವ್ಯಾನು ತಿರುವಿನಲ್ಲಿ ಮರೆಯಾದಾಗ ಮೆಲೀನಾ ಬಾಲ್ಕನಿಯಲ್ಲಿ ಹಾಸುಬಟ್ಟೆ ಒದರುತ್ತಿದ್ದಳು.

"ಹೋದ್ನಾ ತಮ್ಮ? ಇವನು ನೋಡೋಕೆ ಚೆನ್ನಾಗಿದ್ದ ಬಿಡು. ಮೂರನೆಯವನು ಯಾವಾಗ ಬರ್ತಾನೆ, ಅಗತೀನಾ?"

ಅಗತೀನಾ ಪೊರಕೆ ನಿಲ್ಲಿಸಿ ತಲೆಯೆತ್ತಿದಳು. "ಅವರಮ್ಮನಿಗೆ ಇಬ್ಬರೇ ಮಕ್ಕಳು," ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.