ಸುಂಕಸಾಳದ ಭರತಿ

ಗೆಳತಿ ವಿದ್ಯಾ ಕೊಟ್ಟ ಪುಸ್ತಕದಲ್ಲಿದ್ದ ಕತೆಗಳೆಲ್ಲ ಕಾರವಾರದವು, ಎಲ್ಲವೂ ಕೊಲೆಯವು. ಒಬ್ಬೊಬ್ಬ ಲೇಖಕ ಒಂದೊಂದು ಕೇರಿ ಹಂಚಿಕೊಂಡ ಹಾಗಿತ್ತು. ಮಧ್ಯಾಹ್ನ ಅವ್ವಿ ಸಂತೆಗೆ ಹರಿವೆ ಸೊಪ್ಪಿನ ಸೂಡಿ ಕಟ್ಟುವಾಗ ನಾನು ಓದಿ ಹೇಳುತ್ತಿದ್ದೆ. ಶಾಲೆ ಬಿಟ್ಟ ಮೇಲೆ ನಾನು ಗಟ್ಟಿಯಾಗಿ ಓದುವುದು ಅವಳೆದುರು ಮಾತ್ರ.

ಬಂದರಿನ ಕೊಲೆಗೆ ಅವ್ವಿ "ಪಾಪ" ಎಂದು ಬಾಳೆನಾರು ಬಿಗಿದಳು. ಮುಂದಿನ ಕತೆ ಕೋಡಿಬಾಗದ್ದು. ನಾನು ಅದನ್ನು ಮೊದಲೇ ಓದಿಕೊಂಡಿದ್ದೆ, ಅದರಲ್ಲಿ ಟೇಲರ್ ಅಂಗಡಿಯ ಯಜಮಾನನೇ ಕೊಲೆಗಾರ.

ಕೋಡಿಬಾಗದ ರಾಮನಾಥ ಟೇಲರ್ ಅಂಗಡಿಯಲ್ಲಿ ನನಗೆ ಕಾಜಾ ಹೊಲಿಯುವ ಕೆಲಸ ಸಿಗುವುದಿತ್ತು. ಅಂಕೋಲೆಯಿಂದ ದಿನಾ ಹೋಗಿಬರಲು ಅವ್ವಿ ಒಪ್ಪಿದ್ದು ಹಿಂದಿನ ದಿನವಷ್ಟೆ. ಕತೆ ಹಾರಿಸೋಣವೆಂದರೆ, ಅಕ್ಷರ ಬಾರದಿದ್ದರೂ ಅವಳ ಕಣ್ಣು ನಾನು ಮಗುಚುವ ಹಾಳೆಯ ಮೇಲೇ ಇತ್ತು. ಕೋಡಿಬಾಗ ಇದ್ದಲ್ಲೆಲ್ಲ ಘಟ್ಟದ ಬದಿಯ ಸುಂಕಸಾಳದ ಹೆಸರು ಹಾಕಿ ಓದತೊಡಗಿದೆ.

"ಸುಂಕಸಾಳ ಯಾವಾಗ ಕಾರವಾರ ಆಯ್ತೆ?"

"ಜಿಲ್ಲೆ ಒಂದೇ ಅಲ್ದಾ ಅವ್ವಿ."

ಮದುವೆ ಬ್ಲೌಸುಗಳಿಗಾಗಿ ಕತ್ತಲಾದರೂ ಉಳಿದ ಹುಡುಗಿ, ಒಳಗಿನಿಂದ ಎಳೆದ ಶಟರ್, ಅಳತೆಯ ಟೇಪು. ಓದುತ್ತ ಹೋದೆ. ಬೆಳಗಿನ ಭರತಿಗೆ ನೀರು ಉಕ್ಕಿ ಹೆಣವಿದ್ದ ದೋಣಿ ತೇಲಿತು ಎಂದೆ.

ಅವ್ವಿಯ ಕೈ ನಿಂತಿತು. "ಸುಂಕಸಾಳಕ್ಕೆ ಭರತಿ ಎಲ್ಲಿಂದ ಬಂತೆ? ಸಮುದ್ರ ಬಸ್ ಹತ್ತಿ ಹೋಯ್ತಾ?"

ನಾನು ಪುಸ್ತಕ ಮಡಚಿದೆ.

"ಯಾವೂರಿದು?"

"ಕೋಡಿಬಾಗ. ಬರೆದ ಕತೆ ಅವ್ವಿ, ನಡೆದದ್ದಲ್ಲ."

"ಅದು ನಂಗೂ ಗೊತ್ತದೆ. ನೀ ಸುಳ್ಳು ಓದೂದು ಎಂತಕ್ಕೆ?"

"ನೀ ಕೆಲಸಕ್ಕೆ ಬಿಡೂದಿಲ್ಲ ಅಂತ."

"ಮೊದ್ಲಿಂದ ಓದು. ಊರು ಸರಿ ಹೇಳು."

ಓದಿದೆ. ಕೆಲಸದ ಮಾತಿಗೆ ಅವ್ವಿ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಭಾನುವಾರ ಕಾರವಾರದ ಸಂತೆ ಮುಗಿಸಿ, ಖಾಲಿ ಬುಟ್ಟಿ ಹಿಡಿದು ನನ್ನನ್ನು ಕೋಡಿಬಾಗಕ್ಕೆ ಕರೆದೊಯ್ದಳು. ರಾಮನಾಥ ಬಟ್ಟೆ ಕತ್ತರಿಸುತ್ತಿದ್ದ. ಕೊರಳಲ್ಲಿ ಟೇಪು ಜೋತಾಡುತ್ತಿತ್ತು. ಅವ್ವಿ ಅದನ್ನೇ ನೋಡಿದಳು.

"ಶಟರ್ ಎಷ್ಟೊತ್ತಿಗೆ ಹಾಕ್ತ್ರಿ?"

"ಕತ್ತಲಾದ ಮೇಲೆ. ಎಂತಕ್ಕೆ ಬಾಯೇ?"

"ಕತ್ತಲಾಗೂಕೆ ಮೊದ್ಲು ಇವ್ಳು ಬಸ್ಸಿನಾಗಿರ್ಬೇಕು. ಯಾರ ಮದುವೆ ಇದ್ರೂ."

"ಹೂಂ, ಅಡ್ಡಿಲ್ಲ" ಎಂದು ಅವನು ನನ್ನತ್ತ ನೋಡಿದ. ನಾನು ನೆಲ ನೋಡಿದೆ.

ಅವ್ವಿ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಬಾಗಿಲಿಗೆ ತಾಗಿಸಿ ಇಟ್ಟಳು.

"ನಿನ್ನ ಜಾಗ ಇದು. ಕೂತ್ಕ" ಎಂದಳು.

ರಾಮನಾಥ ಸೂಜಿ, ದಾರ, ಒಂದು ಬ್ಲೌಸು ತಂದುಕೊಟ್ಟ. ನಾನು ಅಲ್ಲೇ ಕೂತೆ.