ಸಲಹೆ ಕೊಡುವಂತಿಲ್ಲ

ಹದಿನಾರು ವರ್ಷ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತವಳು, ಯಾರಾದರೂ "ಯಾಕೋ ಸುಸ್ತು" ಎಂದರೆ ಸುಮ್ಮನಿರುವುದಾದರೂ ಹೇಗೆ? ಸಮಾಜಕಾರ್ಯ ವಿಭಾಗದಲ್ಲಿ ಅವಳಿಗೆ ಮಾತ್ರೆಯಕ್ಕ ಎಂದು ಹೆಸರು ಬಿದ್ದದ್ದು ಸೇರಿದ ಮೊದಲ ವಾರವೇ. ನಲವತ್ತೆರಡನೆಯ ವಯಸ್ಸಿಗೆ ಓದಲು ಬಂದವಳು, ಹಾಗಾಗಿ ತರಗತಿಗೆಲ್ಲ ಅಕ್ಕ. ಓದಿನಲ್ಲಿ ಚುರುಕು, ಓಡಾಟದಲ್ಲಿ ಎಲ್ಲರಿಗಿಂತ ಮುಂದೆ. ತೊಡಕಿದ್ದದ್ದು ಆಲಿಸುವ ಪರೀಕ್ಷೆಯಲ್ಲಿ. ಗುರುತು ಪರಿಚಯ ಇಲ್ಲದವರೊಬ್ಬರು ಎದುರಿಗೆ ಕೂತು ಹದಿನೈದು ನಿಮಿಷ ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಕೇಳಿಸಿಕೊಳ್ಳಬೇಕು, ಬೇಕಿದ್ದರೆ ಒಂದೆರಡು ಪ್ರಶ್ನೆ ಕೇಳಬಹುದು. ಸಲಹೆ ಮಾತ್ರ ಕೊಡುವಂತಿಲ್ಲ.

ಮೊದಲ ಸಲ, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಎದುರಿಗೆ ಕಣ್ಣೀರಿಡುತ್ತಿದ್ದಾಗ, ನಾಲ್ಕನೇ ನಿಮಿಷಕ್ಕೇ ಕಬ್ಬಿಣದ ಅಂಶ ಕಮ್ಮಿ ಇರಬಹುದು ಎಂದುಬಿಟ್ಟಳು. ಎರಡನೇ ಸಲ ಬಾಯಿಗೇನೋ ಬೀಗ ಹಾಕಿಕೊಂಡಿದ್ದಳು. ಕೈ ಸುಮ್ಮನಿರಬೇಕಲ್ಲ? ಮೂಳೆ ಡಾಕ್ಟರ ಫೋನ್ ನಂಬರನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಮೆಲ್ಲಗೆ ಆಚೆಗೆ ತಳ್ಳಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮೂರನೇ ಸಲವೂ ತಪ್ಪಿದರೆ ಕೋರ್ಸಿನಿಂದಲೇ ಹೊರಗೆ, ಮತ್ತೆ ಆ ಕೌಂಟರೇ ಗತಿ. ಅಂಗಡಿಯ ಯಜಮಾನ, ಬರದೆ ಎಲ್ಲಿಗೆ ಹೋಗ್ತಾಳೆ ಎಂದು ಅವಳ ಬಿಳಿ ಕೋಟನ್ನು ಇನ್ನೂ ಮೊಳೆಗೆ ನೇತುಹಾಕಿಕೊಂಡೇ ಇದ್ದ.

ಮೂರನೇ ಪರೀಕ್ಷೆ ಬಿದ್ದದ್ದು ವಿಭಾಗದ ‘ನೆರೆಹೊರೆ ದಿನ’ದಂದು. ವರ್ಷಕ್ಕೊಮ್ಮೆ ಸುತ್ತಲಿನ ಬೀದಿಗಳ ಜನರನ್ನು ಕರೆದು ಚಹಾ ಕೊಡುತ್ತಾರೆ. ಮೊದಲ ಕೋಣೆಯಲ್ಲಿ ಬಿ.ಪಿ. ನೋಡುತ್ತಾರೆ, ಎರಡನೆಯದರಲ್ಲಿ ಅರ್ಜಿ ತುಂಬಿಸಿಕೊಡುತ್ತಾರೆ, ಮೂರನೆಯದರ ಬಾಗಿಲಿಗೆ ‘ಮನಬಿಚ್ಚಿ ಮಾತಾಡಿ’ ಎಂದು ಬೋರ್ಡು. ಮೂರಕ್ಕೂ ಒಂದೇ ಬಣ್ಣದ ಟೋಕನ್ ಮಾಡಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಮೂರನೇ ಕೋಣೆಯಲ್ಲಿ ಮಾತ್ರೆಯಕ್ಕ ಎರಡು ಲೋಟ ನೀರು ಕುಡಿದು ಕಾಯುತ್ತಿದ್ದಾಗ, ಬಾಗಿಲು ತಳ್ಳಿಕೊಂಡು ಬಂದು, ಎದುರಿನ ಕುರ್ಚಿಯಲ್ಲಿ ಕೂತು, ರವಿಕೆಯ ತೋಳು ಮೇಲೇರಿಸಿ ಮೇಜಿನ ಮೇಲೆ ಕೈ ಚಾಚಿದವರು ಸಾಕ್ಷಾತ್ ಅವಳ ಅತ್ತೆ.

ಇವರು ನಮ್ಮತ್ತೆ ಎಂಬ ಮಾತು ಸೊಸೆಯ ತುದಿನಾಲಿಗೆಗೆ ಬಂದಿತ್ತು. ಹೇಳಿದರೆ ಇವತ್ತಿನ ಸರದಿ ಹೋಯಿತು, ಮತ್ತೆ ಕೊಡುತ್ತಾರೋ ಇಲ್ಲವೋ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು. ಅವಳು ಅಳೆದು ಸುರಿಯುವಷ್ಟರಲ್ಲಿ, ಮೂಲೆಯಲ್ಲಿ ಗಡಿಯಾರ ಇಟ್ಟುಕೊಂಡು ಕೂತಿದ್ದ ಮೇಡಂ, ಇದು ಬಿ.ಪಿ. ಕೋಣೆಯಲ್ಲ, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳುವ ಕೋಣೆ, ಇಲ್ಲಿ ಆಡಿದ ಮಾತು ಬಾಗಿಲು ದಾಟುವುದಿಲ್ಲ ಎಂದು ಅತ್ತೆಗೆ ವಿವರಿಸಿದರು.

"ಇವ್ರು ಮಧ್ಯೆ ಬಾಯಿ ಹಾಕೋ ಹಾಗಿಲ್ವಾ?" ಎಂದು ಅತ್ತೆ ಸೊಸೆಯತ್ತ ನೋಡಿ ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಸೊಸೆಗೆ ಬಹುವಚನ ಸಿಕ್ಕಿತ್ತು.

"ಇಲ್ಲಮ್ಮ. ಸಲಹೆ ಕೊಟ್ರೆ ಫೇಲು" ಎಂದರು ಮೇಡಂ.

ಅತ್ತೆ ತೋಳು ಇಳಿಸಿದರು. ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಮುಂದಿನ ಹದಿನೈದು ನಿಮಿಷ ಯಾರ ಕಾಲ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಶುರುವಾದದ್ದು ಮಂಡಿಯಿಂದ. ಮನೆಯಲ್ಲಿ ಮಂಡಿ ಎನ್ನುವಂತಿಲ್ಲವಂತೆ, ಮುಲಾಮು ಹಾಜರು. ಬೇಸರ ಎನ್ನುವಂತಿಲ್ಲ, ವಿಟಮಿನ್ನು. ಸೊಸೆ ಕೆಟ್ಟವಳಲ್ಲ, ಆದರೆ ಅವಳ ಹತ್ತಿರ ಮಾತಾಡುವುದೆಂದರೆ ಅಂಗಡಿ ಮುಂದೆ ಸಾಲಿನಲ್ಲಿ ನಿಂತ ಹಾಗೆ. ಬಾಯಿ ತೆರೆಯುವಷ್ಟರಲ್ಲಿ ಪೊಟ್ಟಣ ಕೈಗೆ ಬಂದಿರುತ್ತದೆ, ಮುಂದಿನವರು ಬನ್ನಿ. ಮಾತ್ರೆಯಕ್ಕನ ಮುಖ ಕೆಂಪೇರಿತು. ಆ ಮುಲಾಮು ಇಲ್ಲದಿದ್ದರೆ ಮಂಡಿ ಮಡಚೋಕೂ ಆಗ್ತಿರಲಿಲ್ಲ ಎಂಬ ಉತ್ತರ ಗಂಟಲವರೆಗೆ ಬಂದು ನಿಂತಿತು. ನುಂಗಿಕೊಂಡಳು. ಕೈಗಳ ಮೇಲೆ ನಂಬಿಕೆ ಸಾಲದೆ ಎರಡನ್ನೂ ತೊಡೆಯ ಕೆಳಗೆ ಇಟ್ಟು ಅವುಗಳ ಮೇಲೇ ಕೂತಳು.

ಹನ್ನೊಂದನೇ ನಿಮಿಷಕ್ಕೆ ಅತ್ತೆಯ ದನಿ ಇಳಿಯಿತು.

"ತೀರಿಹೋದ ನಮ್ಮನೆಯವರು ಹೋದ ವಾರ ಕನಸಲ್ಲಿ ಬಂದಿದ್ರು. ಬೆಳಿಗ್ಗೆ ಎದ್ದು ಅವಳ ಹತ್ರ ಹೇಳೋಕೆ ಹೋದೆ. ಹೊಟ್ಟೆ ತುಂಬ ತಿಂದು ಮಲಗಬೇಡಿ ಅತ್ತೆ, ಅಂದ್ಲು."

ಅಂದದ್ದು ನಿಜ. ಕೈಯಲ್ಲಿ ಬ್ಯಾಗಿತ್ತು, ತರಗತಿಗೆ ತಡವಾಗಿತ್ತು, ಅತ್ತೆ ಇನ್ನೂ ಏನೋ ಹೇಳುವವರ ಹಾಗೆ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದರು. ಸೊಸೆಗೆ ನಾಚಿಕೆಯಾಯಿತು, ಅಳುವೂ ಬಂತು. ವಿಚಿತ್ರವೆಂದರೆ, ಹುಡುಕಿದರೂ ಒಂದು ಸಲಹೆ ಬಾಯಿಗೆ ಬರಲಿಲ್ಲ.

"ಕನಸಲ್ಲಿ ಏನಂದ್ರು?" ಎಂದಳು.

ಅತ್ತೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. ಆಮೇಲೆ ಹೇಳಿದರು. ಏನೂ ಅನ್ನಲಿಲ್ಲವಂತೆ. ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದರಂತೆ. ಅದು ಅವರ ತಲೆಯ ಮೇಲೇ ಇತ್ತಂತೆ. ತಾನು ಗೊತ್ತಿದ್ದೂ ಹೇಳಲಿಲ್ಲವಂತೆ. ಹೇಳಿದರೆ ಸಿಕ್ಕಿತಲ್ಲ ಎಂದು ಹೊರಟುಬಿಡುತ್ತಾರೆ.

ಗಡಿಯಾರ ಕೂಗಿತು. ಮೇಡಂ ಹಾಳೆಯಲ್ಲಿ ಉತ್ತೀರ್ಣ ಎಂದು ಬರೆದು ಸಹಿಗೆ ಪೆನ್ನು ಊರಿದರು. ಆ ಮೂರಕ್ಷರಕ್ಕಾಗಿ ಮಾತ್ರೆಯಕ್ಕ ಒಂದು ವರ್ಷ ಕಾದಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಮುಗಿಯುತ್ತಿತ್ತು, ಮುಚ್ಚಿಕೊಳ್ಳುವುದನ್ನು ಈಗಷ್ಟೇ ಕಲಿತೂ ಇದ್ದಳು. ಆದರೆ ಆ ಕನಸನ್ನು ಕೇಳಿದ ಮೇಲೆ ಮೋಸ ಮಾಡಲು ಮನಸ್ಸು ಬರಲಿಲ್ಲ.

"ಮೇಡಂ, ಇವರು ನಮ್ಮತ್ತೆ" ಎಂದಳು.

ಮೇಡಂ ಪೆನ್ನು ಕೆಳಗಿಟ್ಟರು. ಹಾಗಿದ್ದರೆ ಇದು ಲೆಕ್ಕಕ್ಕಿಲ್ಲ, ನೀವೇ ಹೇಳಿದ್ದರಿಂದ ಇನ್ನೊಂದು ಅವಕಾಶ ಕೊಡುತ್ತೇನೆ, ಮುಂದಿನ ಶನಿವಾರ ಗುರುತು ಪರಿಚಯ ಇಲ್ಲದವರನ್ನು ಕೂರಿಸೋಣ ಎಂದರು.

ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದ ಅತ್ತೆ ಅಲ್ಲೇ ನಿಂತರು.

"ಗುರುತು ಪರಿಚಯ ಇಲ್ಲದವರೇ ಆಗ್ಬೇಕಾ? ಹಾಗಾದ್ರೆ ಸಹಿ ಹಾಕಿ ಮೇಡಂ. ಹತ್ತೊಂಬತ್ತು ವರ್ಷದಿಂದ ನಮ್ಮನೆ ಸೊಸೆನ ನೋಡ್ತಿದ್ದೀನಿ, ಅವಳು ಒಂದು ದಿನಾನೂ ನನ್ನ ಮಾತು ಮುಗಿಯೋವರೆಗೆ ಕಾದಿದ್ದಿಲ್ಲ. ಇವಳು ಯಾರೋ ನಂಗೊತ್ತಿಲ್ಲ."